ಟಗರಿನ ಹಿಂದೆ

ಟಗರಿನ ಫೋಟೋ ತೆಗೆಯುವುದರಲ್ಲಿ ಚಿಕ್ಕರಾಜುವನ್ನು ಮೀರಿಸುವವರು ದೊಡ್ಡೇರಿ ಸುತ್ತಿನ ಹಟ್ಟಿಗಳಲ್ಲಿ ಇರಲಿಲ್ಲ. ಬಿ.ಎ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲೇ ಇದ್ದವನಿಗೆ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಕುರಿ ಮಾರುವವರ ವಾಟ್ಸಾಪ್ ಗುಂಪಿಗೆ ಅವನು ತೆಗೆದ ಫೋಟೋ ಹೋದರೆ ಶಿರಾದಿಂದ ಗಿರಾಕಿ ಹಟ್ಟಿಯ ಬಾಗಿಲಿಗೇ ಬರುತ್ತಿದ್ದ. ಉಳಿದವರು ಟಗರನ್ನಷ್ಟೇ ನೋಡಿ ಒತ್ತಿಬಿಡುತ್ತಿದ್ದರು. ಅವನು ಟಗರನ್ನು ಕೊನೆಗೆ ನೋಡುತ್ತಿದ್ದ. ಮೊದಲು ಅದರ ಹಿಂದೆ. ಬೆನ್ನಿನಿಂದ ಮೊಳೆತಂತೆ ಕಾಣುವ ಕರೆಂಟು ಕಂಬ, ಕೊಂಬಿಗೆ ಸಿಕ್ಕಿಕೊಂಡಂತಿರುವ ಬಟ್ಟೆ ತಂತಿ, ಕಾಲ ಸಂದಿಯಲ್ಲಿ ಇಣುಕುವ ಪ್ಲಾಸ್ಟಿಕ್ ಕೊಡ. ತೆಗೆಸಲಾಗುವುದನ್ನು ತೆಗೆಸುತ್ತಿದ್ದ, ಆಗದಿದ್ದರೆ ತಾನೇ ಎರಡು ಹೆಜ್ಜೆ ಸರಿಯುತ್ತಿದ್ದ.

ಮದುವೆ ಗಂಡಿಗೂ ಇಷ್ಟು ಉಪಚಾರ ಇಲ್ಲವೆಂದು ಹಟ್ಟಿಯ ಯಜಮಾನ, ಅವನ ದೊಡ್ಡಪ್ಪ ಹುಚ್ಚಣ್ಣ ನಗುತ್ತಿದ್ದ.

ಆ ಸೋಮವಾರ ಹುಚ್ಚಣ್ಣನದೇ ಟಗರು. ಚಿಕ್ಕರಾಜು ಕೊಡ ತೆಗೆಸಿದ, ತಂತಿಯ ಮೇಲಿನ ಸೀರೆ ತೆಗೆಸಿದ, ನಾಯಿಯನ್ನು ಓಡಿಸಿದ, ಫೋಟೋ ತೆಗೆದು ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಗುಂಪಿನಲ್ಲಿದ್ದ ಯಾರೋ ಅದರ ಬಲಮೂಲೆಯನ್ನಷ್ಟೇ ದೊಡ್ಡದು ಮಾಡಿ ಮತ್ತೆ ಹಾಕಿದ್ದರು. ಹಟ್ಟಿಯ ಬೇಲಿಯಾಚೆ ನೀಲಿ ಟಾರ್ಪಾಲಿನ ಗುಡಿಸಲು. ಅದರ ಮುಂದೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ ಹೆಂಗಸು. ಈ ಕಾಲದಲ್ಲೂ ಹೀಗಾ ಎಂದು ಕೆಳಗೆ ಬರೆದಿತ್ತು.

ಅವಳು ಚಿಕ್ಕರಾಜುವಿನ ತಂಗಿ ಸ್ನೇಹಲತಾ. ಹೆತ್ತು ಹನ್ನೊಂದು ದಿನವಾಗಿತ್ತು. ಸೂತಕ ಒಳಗೆ ಬಂದರೆ ದೇವರು ಸಹಿಸುವುದಿಲ್ಲ, ಕುರಿಗೆ ರೋಗ ತಗಲುತ್ತದೆ ಎಂದು ಬಾಣಂತಿಯರು ತಿಂಗಳು ತುಂಬುವವರೆಗೆ ಬೇಲಿಯಾಚೆ ಇರುತ್ತಿದ್ದರು. ಎಷ್ಟೋ ಹಟ್ಟಿಗಳು ಅದನ್ನು ಬಿಟ್ಟಿದ್ದವು. ಇಲ್ಲಿ ಬಿಟ್ಟಿರಲಿಲ್ಲ.

ಅದು ತಾಲ್ಲೂಕು ಕಚೇರಿಯವರೆಗೂ ಹೋಗಿ, ಮರುದಿನ ಬೆಳಿಗ್ಗೆ ಜೀಪು ಬಂತು. ಅಧಿಕಾರಿಗಳು ಗದರಿದರು, ಟಾರ್ಪಾಲು ಕೀಳಿಸಿದರು. ನರ್ಸ್ ಭವ್ಯ ಕೂಸನ್ನು ಎತ್ತಿಕೊಂಡು ಸ್ನೇಹಲತಾಳನ್ನು ಮನೆಯೊಳಗೆ ಕೂರಿಸಿ ಹೋದಳು. ಜೀಪಿನ ಧೂಳು ಅಡಗಿತೋ ಇಲ್ಲವೋ, ತಾಯಿ ಜುಂಜಮ್ಮ ಮಗಳನ್ನು ಎಬ್ಬಿಸಿ, ಕೂತ ಜಾಗಕ್ಕೆ ಸಗಣಿ ಸಾರಿಸಿದಳು. ಈ ಸಲ ಬೇಲಿಯ ಪಕ್ಕ ಬೇಡವೆಂದು ಹುಚ್ಚಣ್ಣ ಹೇಳಿದ. ಕೆರೆ ಏರಿಯ ಆಚೆ, ಹೊಂಗೆ ಮರದ ಕೆಳಗೆ, ಯಾರ ಫೋಟೋಗೂ ಬೀಳದ ಕಡೆ.

ಆಮೇಲೆ ಹತ್ತು ಜನರ ನಡುವೆ ಕಂಬಳಿ ಹಾಸಿದರು. ಕಂಬಳಿ ಮುಟ್ಟಿ ಸುಳ್ಳು ಹೇಳಿದವರು ಆ ಹಟ್ಟಿಯಲ್ಲಿ ಇರಲಿಲ್ಲ. ಬೇಕೆಂದೇ ಮಾಡಿದೆಯೋ, ಅರಿಯದೆ ಆಯಿತೋ ಎಂದು ಹುಚ್ಚಣ್ಣ ಕೇಳಿದ. ಚಿಕ್ಕರಾಜು ಅಂಗೈಯೂರಿದ.

"ಅವ್ಳು ಅಲ್ಲಿದ್ದದ್ದು ನನ್ ಕಣ್ಣಿಗೇ ಬೀಳ್ಲಿಲ್ಲ ದೊಡ್ಡಪ್ಪ."

"ಅಂಗಾರೆ ನಿನ್ ತಪ್ಪಿಲ್ಲ ಬುಡ್ಲಾ."

ಜುಂಜಮ್ಮ ನಿಟ್ಟುಸಿರುಬಿಟ್ಟಳು. ಚಿಕ್ಕರಾಜು ಹೇಳಿದ್ದು ನಿಜವಾಗಿತ್ತು, ಅದೇ ಅವನನ್ನು ಅಲ್ಲಿಂದ ಏಳಗೊಡಲಿಲ್ಲ. ಕೊಡ ಕಂಡಿತ್ತು, ಸೀರೆ ಕಂಡಿತ್ತು, ನಾಯಿ ಕಂಡಿತ್ತು. ಗುಡಿಸಲು ಅವನು ಹುಟ್ಟುವ ಮೊದಲಿನಿಂದ ಅಲ್ಲಿತ್ತು.

ಸಂಜೆ ಜುಂಜಮ್ಮ ಬಾಣಂತಿಗೆ ಮೆಣಸಿನ ಸಾರು, ಅನ್ನ ಕ್ಯಾರಿಯರಿಗೆ ತುಂಬುತ್ತಿದ್ದಾಗ ಅವನು, ಒಳಗೇ ಕರೆದುಕೊಂಡು ಬರೋಣ, ಗಾಳಿ ಜೋರಾಗಿದೆ ಎಂದ. ಅವಳು ಮುಚ್ಚಳ ಬಿಗಿದಳು.

"ನಾನೂ ಅಲ್ಲೇ ಇದ್ದೆ ಕಣಪ್ಪ. ನಿನ್ನ ಎತ್ಕೊಂಡು."

ಅವನು ಕ್ಯಾರಿಯರ್ ಹಿಡಿದು ಏರಿ ದಾಟಿದ. ಹೊಂಗೆ ಮರಕ್ಕೆ ಎರಡು ಸೀರೆ ಕಟ್ಟಿ ಮರೆ ಮಾಡಿತ್ತು. ಕ್ಯಾರಿಯರನ್ನು ಕಲ್ಲಿನ ಮೇಲಿಟ್ಟು, ಪದ್ಧತಿಯಂತೆ ಹಿಂದೆ ಸರಿದು ನಿಂತ. ಸ್ನೇಹಲತಾ ನಗುತ್ತಿದ್ದಳು.

"ಅಣ್ಣ, ಬೇಕಂತ್ಲೇ ತೆಗ್ದೆ ಅಲ್ವಾ?"

ಅವನು ಇನ್ನೊಂದು ಹೆಜ್ಜೆ ಹಿಂದೆ ಸರಿದ.

"ನಂಗೊತ್ತಾಯ್ತು ಬುಡು. ಅಲ್ಲಿಂದ್ಲೇ ನೋಡ್ತಿದ್ದೆ. ನಾಯಿನೂ ಓಡಿಸ್ದೆ, ನನ್ನೊಬ್ಳನ್ನ ಮಾತ್ರ ಆಚೆ ಹೋಗು ಅನ್ಲಿಲ್ಲ."

ಕಂಬಳಿಯ ಒರಟು ಇನ್ನೂ ಅಂಗೈಯಲ್ಲೇ ಇದ್ದಂತಿತ್ತು. ಇಲ್ಲ ಎಂದರೆ ಅವಳಿಗೆ ಉಳಿಯುವುದೇನು? ಹೌದು ಎಂದರೆ ಕಂಬಳಿ ಮುಟ್ಟಿ ಹೇಳಿದ್ದು ಸುಳ್ಳಾಗುತ್ತಿತ್ತು.

"ಇನ್ನೊಂದು ತೆಗಿ. ಈ ಸಲ ಮುಖ ಕಾಣಂಗೆ. ಆ ನರ್ಸಮ್ಮಂಗೆ ಕಳ್ಸು, ಮತ್ತೆ ಬತ್ತಾರೆ," ಎಂದು ಅವಳು ಕೂಸಿನ ಕುಲಾವಿ ಸರಿಮಾಡಿ ನೆಟ್ಟಗೆ ಕೂತಳು.

ಅವನು ಫೋನ್ ಎತ್ತಿದ. ಅಭ್ಯಾಸದಂತೆ ಕಣ್ಣು ಹಿಂದಕ್ಕೆ ಹೋಯಿತು. ಕಂಬವಿಲ್ಲ, ತಂತಿಯಿಲ್ಲ, ಬೇಲಿಯಿಲ್ಲ. ಹಸಿರು ಮರ, ಗಾಳಿಗೆ ತುಂಬಿಕೊಂಡ ಹೂವಿನ ಸೀರೆ, ಮಗುವಿನೊಡನೆ ನಗುತ್ತಿರುವ ತಾಯಿ. ಸಿದ್ದರಬೆಟ್ಟಕ್ಕೆ ಹೊರಟವರು ದಾರಿಯಲ್ಲಿ ಬುತ್ತಿ ಬಿಚ್ಚಿ ಕೂತಂತೆ ಕಾಣುತ್ತಿತ್ತು. ಯಾರು ಯಾಕೆ ಬಂದಾರು ಇದನ್ನು ನೋಡಿ? ಹಟ್ಟಿಯ ಒಂದು ಸೂರಾದರೂ ಅವಳ ಹಿಂದೆ ಬೀಳಬೇಕಿತ್ತು. ಅವನು ಎರಡು ಹೆಜ್ಜೆ ಎಡಕ್ಕೆ ಸರಿದ, ಬಲಕ್ಕೆ ಸರಿದ, ಕಲ್ಲು ಹತ್ತಿ ನೋಡಿದ. ಎಲ್ಲಿ ನಿಂತರೂ ಏರಿ ಅಡ್ಡವಿತ್ತು.

"ಬಿರ್‍ರನೆ ತೆಗಿ ಅಣ್ಣ, ಕೂಸಿಗೆ ಚಳಿ," ಎಂದಳು ಅವಳು.

ಅವನು ಇನ್ನೂ ಸರಿಯುತ್ತಲೇ ಇದ್ದ.