ಕತ್ತಿರಾಣಿಯ ಮೂರು ಸ್ನಾನ

ಮಂಜಿಗೆ ಇನ್ನೂ ಕಾಲು ಬಂದಿರಲಿಲ್ಲ, ಅದು ಕಣಿವೆಯಲ್ಲೇ ಮಲಗಿರುತ್ತಿತ್ತು. ಆ ಕಾಲದಲ್ಲಿ ಒಬ್ಬಳು ಕತ್ತಿರಾಣಿ ಇದ್ದಳಂತೆ. ಮಿಂದು ಬಂದವಳು ಮೊದಲು ಹೊಕ್ಕುಳಬಳ್ಳಿಯನ್ನೇ ಮುಟ್ಟಬೇಕು. ನಡುವೆ ಬೇರೆ ಏನು ತಾಗಿದರೂ ಕಲ್ಲಾಗಿಬಿಡುತ್ತಾಳಂತೆ.

ಇದು ಹೆತ್ತೆಯ ಕಥೆಯಲ್ಲ, ನನ್ನದು. ಹೆತ್ತೆ ಅಂದರೆ ನನ್ನ ಅಜ್ಜಿ ಕೆಂಪಿ. ತುಮ್ಮನಟ್ಟಿಯ ಅರ್ಧ ಊರು ಹುಟ್ಟಿದ್ದೇ ಅವಳ ಕೈಯಲ್ಲಿ. ಅವಳ ಕಥೆ ಕೇಳಿಯೇ ಬೆಳೆದ ನಾನು ಅವಳಿಗೇ ಕಥೆ ಕಟ್ಟಿ ಹೇಳಬೇಕಾದದ್ದು ಮಲ್ಲಿ ಅತ್ತಿಗೆಗೆ ನೋವು ಶುರುವಾದ ಮಧ್ಯಾಹ್ನ.

ಅತ್ತಿಗೆಯ ಮೊದಲ ಕೂಸು ವಾರ ತುಂಬುವ ಮೊದಲೇ ದವಡೆ ಕಚ್ಚಿಕೊಂಡು, ಹಾಲು ಕುಡಿಯಲಾರದೆ ತೀರಿಹೋಗಿತ್ತು. ಬಳ್ಳಿ ಕೊಯ್ದ ಕತ್ತಿಯ ಕೊಳೆಯೇ ಕಾರಣವಿರಬೇಕು ಎಂದಿದ್ದರು ಕೂನೂರಿನಿಂದ ಬರುವ ನರ್ಸು ರಾಜಾಮಣಿಯಮ್ಮ. ಹೆತ್ತೆ ಕೆಲವು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ದೀಪ ಮುಟ್ಟಿ ಮಾತು ಕೊಟ್ಟಳು: ಕತ್ತಿ, ನೂಲು ಎರಡನ್ನೂ ಕುದಿಸುತ್ತೇನೆ, ಕುದಿಸಿದ್ದನ್ನು ಯಾವುದಕ್ಕೂ ತಾಗಿಸುವುದಿಲ್ಲ.

ಕುದಿಸಿದಳು, ಸುಳ್ಳಲ್ಲ. ಆದರೆ ಸೌಟಿನಲ್ಲಿ ಎತ್ತಿದವಳೇ ಕತ್ತಿಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದಳು.

"ಹೆತ್ತೆ, ಏನ ಮಾಡಿದೆ?"

"ಮಿಂದು ಬಂದವಳ ಹಣೆ ಬರಿದಾಗಿ ಬಿಡೋದಾ ಕೂಸೇ?"

ಕತ್ತಿ ಮತ್ತೆ ಕುದಿನೀರಿಗೆ. ಎರಡನೇ ಸಲ ತೆಗೆದಾಗ, ಹೊರಗೆ ಕೂರಲಾಗದ ನನ್ನಣ್ಣ ಅರಿ, ಬಾಗಿಲಿಂದ ಕೈ ಚಾಚಿ, ಹರಿತ ನೋಡುತ್ತೇನೆಂದು ಹೆಬ್ಬೆರಳನ್ನು ಅಲಗಿಗೆ ಒತ್ತಿದ. ಬೆರಳು ಸುಟ್ಟುಕೊಂಡು ಅಂಗಳದ ತುಂಬ ಕುಣಿದ. ಕತ್ತಿ ಮತ್ತೆ ನೀರಿಗೆ.

ಅತ್ತಿಗೆ ನೋವಿನ ನಡುವೆಯೇ ನಗುತ್ತಿದ್ದಳು. "ಮೊದಲು ಆ ಕತ್ತಿಯ ಬಾಣಂತನ ಮುಗಿಸಿ. ನಂದು ಆಮೇಲೆ."

ಮೂವರೂ ನಕ್ಕು ನಕ್ಕು ಸುಸ್ತಾದೆವು. ಆಮೇಲೆ ಅವಳು ನನ್ನ ಕೈ ಬಿಗಿಯಾಗಿ ಹಿಡಿದು ಕೇಳಿದಳು: "ಚಿನ್ನಿ, ಇದಾದರೂ ಉಳೀತದಾ?"

ಕತ್ತಿರಾಣಿ ಹುಟ್ಟಿದ್ದು ಆಗಲೇ. ಬುದ್ಧಿಮಾತನ್ನು ಹೆತ್ತೆ ಮರೆತಾಳು, ಕಥೆಯ ಕಟ್ಟಳೆಯನ್ನು ಎಂದೂ ಮೀರಿದವಳಲ್ಲ. ಮೊಣಕೈವರೆಗೆ ಸೋಪು ಹಚ್ಚಿಕೊಳ್ಳುತ್ತ ಕಣ್ಣರಳಿಸಿ ಕೇಳಿದಳು.

"ಹಾಗಾದ್ರೆ ಅವಳಿಗೆ ವಿಭೂತಿ ಯಾವಾಗ?"

"ಕೂಸು ಆ ಕೆಟ್ಟ ವಾರ ದಾಟಿದ ಮೇಲೆ. ನೀನೇ ಇಡಬೇಕು."

"ನಾನೇ ಇಡ್ತೀನಿ," ಅಂದಳು ಹೆತ್ತೆ.

ಮೂರನೇ ಸಲ ಕತ್ತಿ ನೀರಿನಿಂದ ಎದ್ದಾಗ ಅಣ್ಣ ಹೊರಗೆ ಕೆಮ್ಮಿದ್ದಕ್ಕೂ, ದೂರ ಹೋಗು, ರಾಣಿ ಕಲ್ಲಾಗ್ತಾಳೆ ಎಂದು ಗದರಿಸಿದಳು. ಬಳ್ಳಿಗೆ ನೂಲು ಬಿಗಿದು, ನೇರ ಕೊಯ್ದಳು. ಹೆಣ್ಣುಕೂಸು ಆಚೆ ಬೆಟ್ಟಕ್ಕೆ ಕೇಳುವಂತೆ ಅತ್ತಿತು.

ಆ ವಾರವೆಲ್ಲ ಹೆತ್ತೆ ಕೂಸಿನ ಬಾಯಿಯನ್ನೇ ನೋಡುತ್ತ ಕೂತಳು. ಅದು ಚಪ್ಪರಿಸಿ ಹಾಲು ಕುಡಿಯಿತು. ವಾರ ದಾಟಿದ ಬೆಳಿಗ್ಗೆ, ತಲೆಗಿಂತ ಬಾಯಿಯೇ ದೊಡ್ಡದೇನೋ ಎಂಬಂತೆ ಆಕಳಿಸಿತು. ಅತ್ತಿಗೆ ಅಳುತ್ತ ನಕ್ಕಳು.

ಹೆತ್ತೆ ಎದ್ದು, ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು, ವಿಭೂತಿ ಎಳೆದಳು.