ಆಮೆ ಇರುವ ಬಾವಿಯ ನೀರು

ಚಂದ್ರಾವತಿ ಆಗಲೇ ಎರಡು ಕೊಡ ತುಂಬಿಸಿದ್ದಳು. ಮತ್ತೆ ಸೇದಿದ ನೀರನ್ನು ಕೊಡಕ್ಕೆ ಸುರಿಯದೆ, ಅಂಗಳದತ್ತ ಒಮ್ಮೆ ನೋಡಿ ನನ್ನ ಮುಚ್ಚಳ ತೆಗೆದಳು.

ನಾನು ಒಂದು ಪುಟ್ಟ ಗಾಜಿನ ಬಾಟಲಿ. ಬೆಂಕಿಯಲ್ಲಿ ಹುಟ್ಟಿದವಳು. ಹುಟ್ಟಿದ ಮೇಲೆ ನನ್ನ ಹೊಟ್ಟೆಯೊಳಗೆ ಮದ್ದು ಹೀರಿಸಿದ ಕಾಗದದ ಚೂರೊಂದನ್ನಿಟ್ಟು ಬಾಯಿ ಮುಚ್ಚಿದರು. ಹೊಲಸು ಸೇರಿದ ನೀರು ತುಂಬಿದರೆ ನಾನು ಕಪ್ಪಾಗುತ್ತೇನೆ. ನನಗೆ ಬರುವ ವಿದ್ಯೆ ಅದೊಂದೇ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಅಲೆದು, ಪುತ್ತೂರಿನ ಹತ್ತಿರದ ಈ ಮನೆಗೆ ಬಂದೆ. ಗೆರೆಯವರೆಗೆ ನೀರು ಹಾಕಿ ಬೆಚ್ಚಗಿಡಿ, ಕಪ್ಪಾದರೆ ಕುಡಿಯಬೇಡಿ ಎಂದು ಆಕೆ ಹೇಳಿಹೋದಳು.

ಅತ್ತೆ ದೇವಕಿಯಮ್ಮ ನಕ್ಕರು. ಬಾವಿಯಲ್ಲಿ ಅವರೇ ಬಿಟ್ಟ ಆಮೆಯಿದೆ. ಆಮೆ ಇರುವ ನೀರು ಕೆಡುವುದಿಲ್ಲ ಎಂಬುದು ಅವರ ನಂಬಿಕೆ. ದಿನಾ ಬೆಳಿಗ್ಗೆ ಬಗ್ಗಿ ಅದರ ಬೆನ್ನು ನೋಡಿದ ಮೇಲೆಯೇ ಅವರ ಕಾಫಿ. ಆಮೆ ಕಾಣದ ಬಾವಿಯ ನೀರನ್ನು ಮುಟ್ಟಲೂ ಬಾರದು ಎನ್ನುತ್ತಿದ್ದರು.

"ಆಮೆ ಆರಾಮ ಉಂಟು. ಈ ಕುಪ್ಪಿಗೆ ಎಂಥ ಗೊತ್ತುಂಟು ಮಾರಾಯ್ತಿ?"

ಬಾವಿಗಿಂತ ಎತ್ತರದ ದರೆಯ ಮೇಲೆ ಕಕ್ಕಸಿಗೆ ಹೊಸ ಗುಂಡಿ ತೋಡಿದಂದಿನಿಂದ ಚಂದ್ರಾವತಿಯ ಹೊಟ್ಟೆ ಮತ್ತೆ ಮತ್ತೆ ಕೆಡುತ್ತಿತ್ತು. ಅವಳದು ಹೇಗೋ ನಡೆಯುತ್ತದೆ. ಆದರೆ ಮಗಳು ರಶ್ಮಿತಾ ಎಳೆಗೂಸಿನೊಂದಿಗೆ ಬಾಣಂತನಕ್ಕೆ ಬರುವವಳಿದ್ದಳು. ಕೂಸಿಗೆ ಬಜೆ ತೇಯ್ದು ನೆಕ್ಕಿಸುವುದು ಅತ್ತೆಯೇ, ಅದೂ ಆಗಷ್ಟೇ ಸೇದಿದ ನೀರಿನಲ್ಲಿ. ಕುದಿಸಿ ಆರಿಸಿದ ನೀರು ಆಗದೇ ಎಂದು ಚಂದ್ರಾವತಿ ಕೇಳಿದ್ದಳು.

"ನಿನ್ನ ಗಂಡನಿಗೂ ಈ ನೀರಲ್ಲೇ ತೇಯ್ದದ್ದು. ಅವ ಸತ್ತನಾ?"

ಬಾಳೆಗೊನೆ ಹಣ್ಣಾಗಲೆಂದು ಚಿಪ್ಪು ಚಿಪ್ಪಾಗಿ ಇಡುವ ಅಕ್ಕಿ ಡಬ್ಬಿಯಲ್ಲಿ ಅವಳು ನನ್ನನ್ನು ಹುಗಿದಿಟ್ಟಳು. ಬಾಳೆ ಹಳದಿಯಾಯಿತು. ನಾನು ಕಪ್ಪಾದೆ.

ಅವಳು ನನ್ನನ್ನು ಅತ್ತೆಗೆ ತೋರಿಸಿದಳು. ಮದ್ದಿನ ಬಣ್ಣವೇ ಕಪ್ಪಿರಬೇಕು ಎಂದು ಅವರು ತೆಂಗಿನಕಾಯಿ ತುರಿಯುತ್ತ, ತಲೆಯೆತ್ತದೆ ಹೇಳಿದರು.

ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಬ್ಲೀಚಿಂಗ್ ಪುಡಿಯಲ್ಲಿ ತೊಳೆಸಿಕೊಂಡು ಈಗ ಬಚ್ಚಲಿನ ಕಿಟಕಿಯಲ್ಲಿ ಖಾಲಿ ಕುಳಿತಿದ್ದೇನೆ. ನಿಜ ಹೇಳುವುದಷ್ಟೇ ನನ್ನ ಕೈಲಾಗುತ್ತದೆ. ನಂಬಿಸುವ ಶಕ್ತಿ ಆಮೆಗಿದೆ, ನನಗಿಲ್ಲ.

ಚಂದ್ರಾವತಿಗೂ ಅದು ಹೊಳೆದಿರಬೇಕು. ಮಗಳು ಬರುವ ಹಿಂದಿನ ದಿನ, ಅತ್ತೆ ಊಟ ಮಾಡಿ ಅಡ್ಡಾದ ಹೊತ್ತಿಗೆ, ಪಂಚಾಯತಿನ ನಳ್ಳಿಯ ಕೆಳಗೆ ಕೊಡಗಳನ್ನಿಟ್ಟು ಬಂದಳು. ಹಗ್ಗದಿಂದ ಕೊಡಪಾನ ಬಿಚ್ಚಿ ಬುಟ್ಟಿ ಕಟ್ಟಿದಳು. ಅದರಲ್ಲೊಂದು ಹಿಡಿ ಅನ್ನ ಹಾಕಿ, ರಾಟೆ ಸದ್ದು ಮಾಡದಂತೆ ಕೈಯಲ್ಲಿ ಹಿಡಿದು, ಮೆಲ್ಲನೆ ಬಾವಿಗೆ ಇಳಿಬಿಟ್ಟಳು.

ಗದ್ದೆಯಾಚೆ ಹೊಳೆಯಿದೆ, ಆಮೆಗೆ ಅಲ್ಲಿ ನೀರಿಗೇನೂ ಕಡಿಮೆಯಿಲ್ಲ. ನಾಳೆ ಬೆಳಿಗ್ಗೆ ಅತ್ತೆ ಬಗ್ಗಿ ನೋಡುತ್ತಾರೆ.