ಸೀಮೆಸುಣ್ಣದ ಬೆನ್ನು

ನಮ್ಮ ಸೋದರಮಾವನನ್ನು ಎದುರಿನಿಂದ ಗುರುತಿಸುವವರಿಗಿಂತ ಹಿಂದಿನಿಂದ ಗುರುತಿಸುವವರೇ ಹೆಚ್ಚು. ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕನಾದ ಈ ಮಹಾಶಯ ಕಪ್ಪುಹಲಗೆಯನ್ನು ನಂಬಿದವನಲ್ಲ. ತರಗತಿಗೆ ಬೆನ್ನು ತಿರುಗಿಸಿ ನಿಂತು, ತನ್ನ ಕರಿಯ ಕೋಟಿನ ಮೇಲೆಯೇ ಮೂತ್ರಪಿಂಡಗಳನ್ನು ಬರೆಯಿರೆಂದು ವಿದ್ಯಾರ್ಥಿಗಳ ಕೈಗೆ ಸೀಮೆಸುಣ್ಣ ಕೊಡುತ್ತಿದ್ದ. ಪಾಠ ಮುಗಿದ ಮೇಲೆ ಒರೆಸಿಕೊಳ್ಳುವ ಪದ್ಧತಿಯೂ ಇಲ್ಲ. ಬೆನ್ನುಮೂಳೆಯ ಎರಡು ಪಕ್ಕದಲ್ಲೂ ಬಿಳಿಯ ಗುರುತು ಹೊತ್ತು, ಬಲಭುಜವನ್ನು ತುಸು ಇಳಿಬಿಟ್ಟು, ಬ್ಯಾಂಕಿಗೂ ಮದುವೆಮನೆಗೂ ಹಾಗೆಯೇ ಹೊರಟುಬಿಡುವ ಆಸಾಮಿ. ಅತ್ತೆ ಒಗೆದೂ ಒಗೆದೂ ಸೋತು ಬಿಳಿಯ ಕೋಟು ತಂದುಕೊಟ್ಟಳು. ಮಾವ ಇದ್ದಿಲು ತಂದ.

ಬಲಗಡೆಯದು ಅರ್ಧ ಇಂಚು ಕೆಳಗಿರಬೇಕೆಂಬುದು ಅವನ ಹಠ. "ಮೇಲೆ ಯಕೃತ್ತು ಕೂತಿದೆ ಕಣ್ರೋ, ದೊಡ್ಡಕ್ಕನ ಹಾಗೆ. ತಗ್ಗಿ ಇರಲೇಬೇಕು" ಎನ್ನುತ್ತಿದ್ದ. ಆ ದೊಡ್ಡಕ್ಕ ನಮ್ಮಮ್ಮನೆಂಬುದು ತರಗತಿಗೆ ಗೊತ್ತಿರಲಿಲ್ಲ. ಎರಡನ್ನೂ ತೀರಾ ಕೆಳಗಿಳಿಸಿ ಬರೆದವರಿಗಂತೂ ಕತ್ತೆಯೆಂಬ ಬಿರುದು ಖಚಿತ.

ಹೀಗಿರುವಾಗ ಅಮ್ಮನ ಎರಡು ಮೂತ್ರಪಿಂಡಗಳೂ ಕೈಕೊಟ್ಟವು. ಮನೆಯವರಲ್ಲಿ ಯಾರಾದರೊಬ್ಬರು ಒಂದನ್ನು ಕೊಟ್ಟರೆ ಮಾತ್ರ ಅವಳು ಉಳಿದಾಳೆಂದರು ವೈದ್ಯರು. ಮಾವ ಅಲ್ಲೇ ಕೋಟು ಬಿಚ್ಚಿದ. "ಯಾರೂ ಮಾತಾಡ್ಬೇಡಿ, ಕೊಡೋನು ನಾನೇ. ಎಲ್ಲಿದೆ ಅಂತ ಬೆನ್ನ ಮೇಲೆ ಬರೆಸ್ಕೊಂಡೇ ತಿರುಗ್ತೀನಲ್ಲ, ತೆಗೆಯೋರಿಗೆ ಹುಡುಕೋ ಕಷ್ಟವೂ ಇಲ್ಲ!"

ಮಾವನ ಸ್ಕ್ಯಾನಿನ ಚಿತ್ರವನ್ನು ವೈದ್ಯರು ಬೆಳಕಿಗೆ ಹಿಡಿದರು. ಮಾವ ಅದನ್ನು ಕಿತ್ತುಕೊಂಡು ನೋಡಿದವನೇ ಕುರ್ಚಿಯಿಂದ ಎಗರಿ ಎದ್ದ. ಅವನ ಎರಡು ಮೂತ್ರಪಿಂಡಗಳೂ ಕೆಳತುದಿಯಲ್ಲಿ ಬೆಸೆದು, ಕುದುರೆಯ ಲಾಳದಂತೆ ಒಂದೇ ಆಗಿ, ಇರಬೇಕಾದ ಜಾಗಕ್ಕಿಂತ ಕೆಳಗೆ ನೆಮ್ಮದಿಯಾಗಿ ಕುಳಿತಿದ್ದವು.

"ಲಾಳ ಕಣೋ, ಲಾಳ! ಕಾಲೇಜಿನ ಗಾಜಿನ ಜಾಡಿ ಬಿಟ್ರೆ ಬೇರೆಲ್ಲೂ ನೋಡಿರ್ಲಿಲ್ಲ! ತಾಯಿ ಹೊಟ್ಟೆಯೊಳಗಿದ್ದಾಗ ಮೇಲೇರೋಕೆ ಹೋಗಿ ರಕ್ತನಾಳಕ್ಕೆ ಸಿಕ್ಕಿ ನಿಂತುಬಿಟ್ಟಿದೆ. ಅಯ್ಯೋ, ಕೆಳಗೆ ಬರೆದ ಕತ್ತೆಗಳೇ ಸರಿ!"

"ಸರ್, ಇದನ್ನ ಬಿಡಿಸಿ ಕೊಡೋಕಾಗಲ್ಲ" ಎಂದರು ವೈದ್ಯರು ಮೆಲ್ಲಗೆ.

ಮಾವನ ನಗು ಬಾಯಲ್ಲೇ ನಿಂತಿತು. ಆಮೇಲೆ ಆ ಅಷ್ಟೆತ್ತರದ ಮನುಷ್ಯ, ಚಿತ್ರವನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಸುದ್ದಿ ಕೇಳಿದ ಅಮ್ಮ ಹಾಸಿಗೆಯಿಂದಲೇ ಗದರಿದಳು: "ಚಿಕ್ಕಂದಿನಿಂದ ಹೀಗೇ ಕಣೋ ನೀನು. ಎರಡು ಮಿಠಾಯಿ ಕೊಟ್ರೆ ಎರಡನ್ನೂ ಸೇರಿಸಿ ಅದುಮಿ, 'ಒಂದೇ ಇರೋದು ಅಕ್ಕಾ' ಅಂತಿದ್ದೆ."

ಕೊನೆಗೆ ಹೊಂದಿಕೆಯಾದದ್ದು ನನ್ನದು. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು, ಹೇಳಬಾರದೇಕೆ, ಗಡಗಡ ನಡುಗುತ್ತ ಕುಳಿತಿದ್ದೆ. ಮಾವ ಬಂದ. ಜೇಬಿನಿಂದ ಸೀಮೆಸುಣ್ಣ ತೆಗೆದು, "ತಿರುಗೋ" ಎಂದ. ಜೀವಮಾನವೆಲ್ಲ ಬರೆಸಿಕೊಂಡವನು ಅಂದು ತಾನೇ ಬರೆದ. ಬಲಗಡೆಯದು ಅರ್ಧ ಇಂಚು ಕೆಳಗೆ. ಎಡಗಡೆಯದರ ಮೇಲೆ ಅಂಗೈಯಿಟ್ಟು, "ಇದನ್ನೇ ತೆಗೀತಾರೆ. ಇದರ ರಕ್ತನಾಳ ಉದ್ದ, ಅಕ್ಕನಿಗೆ ಸಲೀಸಾಗಿ ಎಟುಕುತ್ತೆ" ಎಂದ. ಅಂಗೈ ಬಹಳ ಹೊತ್ತು ಅಲ್ಲೇ ಇತ್ತು. ಮೂಗು ಏರಿಸಿಕೊಂಡ ಸದ್ದು ಕೇಳಿಸಿತು. ತಿರುಗಿ ನೋಡಲು ಅವನು ಬಿಡಲಿಲ್ಲ. ನನ್ನ ನಡುಕ ನಿಂತಿತ್ತು.

ಅಮ್ಮ ಈಗ ಮೊದಲಿಗಿಂತ ಜೋರಾಗಿ ಬೈಯುತ್ತಾಳೆ. ಮಾವ ಬೆನ್ನ ಮೇಲೆ ಲಾಳ ಬರೆಸಿಕೊಂಡು ಮದುವೆಮನೆಗಳಿಗೆ ಹೋಗುತ್ತಾನೆ. ಪ್ರೀತಿಯನ್ನು ಮುಖ ನೋಡಿ ಹೇಳಲು ಬಾರದ ಜನರ ಜಾತಿಯೇ ಇದು. ನಮ್ಮನ್ನು ತಿರುಗಿಸಿ ನಿಲ್ಲಿಸಿ, ಸರಿಯಾದ ಜಾಗದಲ್ಲಿ ಒಂದು ಗುರುತು ಹಾಕಿ ಹೊರಟುಹೋಗುತ್ತಾರೆ. ಆ ಗುರುತು ಎಷ್ಟು ಒಗೆದರೂ ಹೋಗುವುದಿಲ್ಲ. ಬೇಕಾದರೆ ಅತ್ತೆಯನ್ನು ಕೇಳಿ.